ಮೀನಿನ ಮರಿಗೆ ಬೇಕಾದುದು ದಾರಿ

“ಮೀನಿನ ಮರಿಗೆ ಈಜು ಕಲಿಸಬೇಕೆ?” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಂಗಡಿಯವರ ಮಗನು ತಾನಾಗಿಯೇ ತಕ್ಕಡಿ ಹಿಡಿದಾಗ, ಸಂಗೀತಗಾರರ ಮನೆಯ ಹುಡುಗಿ ಶ್ರುತಿ ತಪ್ಪದೆ ಹಾಡಿದಾಗ, ನಾವು ಈ ಮಾತನ್ನು ಆಡಿ ಸಂತೋಷಪಡುತ್ತೇವೆ. “ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ” ಎಂದು ಪ್ರೌಢಶಾಲೆಯ ಮಕ್ಕಳಿಗೆ ವರ್ಷವರ್ಷವೂ ಹೇಳುತ್ತ ಬಂದವನು ನಾನು. ಆದರೆ ಗಾದೆಯೊಳಗೆ ಕುಳಿತಿರುವ ಆ ಮರಿಯ ಕಡೆಗೆ ನಾನು ಒಮ್ಮೆಯೂ ತಿರುಗಿ ನೋಡಿದವನಲ್ಲ. ನೋಡಲೇಬೇಕಾದ ಪ್ರಸಂಗವೊಂದು ಕೆಲವು ವರ್ಷಗಳ ಹಿಂದೆ ಬಂದಿತು. ಅದನ್ನು ಆಮೇಲೆ ಹೇಳುತ್ತೇನೆ. ಈಜು ಬಲ್ಲ ಆ ಮರಿಯು ಎಲ್ಲಿಂದ ಎಲ್ಲಿಗೆ ಈಜುತ್ತದೆ, ಏತಕ್ಕಾಗಿ ಈಜುತ್ತದೆ ಎಂಬುದನ್ನು ಮೊದಲು ವಿಚಾರ ಮಾಡೋಣ.

ನಮ್ಮ ಸೀಮೆಯ ನೀರಿನ ಏರ್ಪಾಡನ್ನು ಒಮ್ಮೆ ನೆನೆಸಿಕೊಳ್ಳಿ. ಹೇಮಾವತಿಯು ಮೂಡಿಗೆರೆಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಬಳಿ ಅಣೆಕಟ್ಟಿನಲ್ಲಿ ನಿಂತು, ಹೊಳೆನರಸೀಪುರವನ್ನು ಮುಟ್ಟಿಕೊಂಡು ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುವಳು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯೇ ರಾಮನಾಥಪುರದ ಸೋಪಾನಗಳನ್ನು ತೊಳೆದು ಮುಂದೆ ಸಾಗುವಳು. ಚನ್ನರಾಯಪಟ್ಟಣದ ಬಯಲಿಗೆ ಬಂದರೆ ಅಲ್ಲಿ ಹೊಳೆಗಿಂತ ಕೆರೆಯೇ ಮುಖ್ಯ. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳವಾಗಿ ಹರಿದು ಕೆಳಗಿನ ಕೆರೆಯನ್ನು ಸೇರುವುದು. ಹೀಗೆ ಹೊಳೆ, ಹಳ್ಳ, ಕೆರೆ, ಗದ್ದೆಗಳೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಇವೆ. ಬೇಸಗೆಯಲ್ಲಿ ಆ ದಾರ ಕಾಣುವುದಿಲ್ಲ. ಮಳೆ ಬಂದಾಗ ಕಾಣುವುದು. ಮೀನಿಗೆ ಬೇಕಾದುದು ಮಣಿಯಷ್ಟೇ ಅಲ್ಲ, ಆ ದಾರವೂ ಹೌದು.

ಮಲೆನಾಡಿನ ಅಂಚಿನವರಿಗೆ ‘ಹತ್ತು ಮೀನು’ ಎಂಬ ಮಾತು ಗೊತ್ತಿರುವುದು. ಇಲ್ಲಿ ‘ಹತ್ತು’ ಎಂಬುದು ಸಂಖ್ಯಾವಾಚಕವಲ್ಲ. ಹತ್ತುವುದು, ಏರುವುದು ಎಂಬ ಕ್ರಿಯೆ. ಮೃಗಶಿರಾ ಮಳೆ ಹಿಡಿದು ಹಳ್ಳಗಳಲ್ಲಿ ಕೆಂಪು ನೀರು ಬಂದ ಕೂಡಲೇ ಹೊಳೆಯ ಮೀನುಗಳು ಆ ಹೊಸ ನೀರಿಗೆ ಎದುರಾಗಿ ಹಳ್ಳಗಳನ್ನೂ ಗದ್ದೆಗಳನ್ನೂ ಹತ್ತುತ್ತವೆ. ಮೊಟ್ಟೆ ತುಂಬಿದ ತಾಯಿಮೀನುಗಳ ಜೊತೆಗೆ ಹೋದ ವರ್ಷ ಹುಟ್ಟಿದ ಎಳೆಯವೂ ಇರುವುವು. ನೀರು ತಣ್ಣಗಾದುದು, ಬಣ್ಣಗೆಟ್ಟುದು, ವೇಗ ಹೆಚ್ಚಿದುದು ಇವೆಲ್ಲ ಅವುಗಳಿಗೆ ಕರೆಯೋಲೆ. ಮೀನಿನ ಎರಡು ಪಕ್ಕೆಗಳ ಮೇಲೂ ಕಿವಿರಿನಿಂದ ಬಾಲದವರೆಗೆ ನೂಲಿನಂಥ ಒಂದು ಗೆರೆ ಇರುವುದಷ್ಟೆ. ಆ ಗೆರೆಯ ಉದ್ದಕ್ಕೂ ಇರುವ ಸೂಕ್ಷ್ಮ ಇಂದ್ರಿಯಗಳಿಂದ ಮೀನು ನೀರಿನ ಸೆಳೆತವನ್ನು ಅರಿಯುವುದು. ಕತ್ತಲಲ್ಲಿಯೂ ಕದಡಿದ ನೀರಿನಲ್ಲಿಯೂ ಅದು ಪ್ರವಾಹಕ್ಕೆ ಮುಖಮಾಡಿ ನಿಲ್ಲುವುದು ಈ ಬಲದಿಂದಲೇ.

ಹತ್ತಿದ ಮೀನುಗಳು ತೆಳುನೀರಿನಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿ ದೊಡ್ಡ ಮೀನುಗಳ ಕಾಟ ಕಡಿಮೆ, ಹುಲ್ಲು ಹುಳುಗಳ ಆಹಾರ ಹೆಚ್ಚು. ಅಲ್ಲಿ ಹುಟ್ಟಿದ ಮರಿಗಳು ತಿಂಗಳೆರಡು ತಿಂಗಳು ಬೆಳೆದು, ಮಳೆ ಹಿಂದೆಗೆಯುವಾಗ ಇಳಿಯುವ ನೀರಿನೊಡನೆ ತಾವೂ ಇಳಿದು ಕೆರೆಗೋ ಹೊಳೆಯ ಮಡುವಿಗೋ ಸೇರುತ್ತವೆ. ಆದುದರಿಂದ ಒಂದೇ ದಾರಿಯಲ್ಲಿ ಎರಡು ಪ್ರಯಾಣಗಳು: ಮಳೆಗಾಲದ ಆರಂಭದಲ್ಲಿ ಏರುವುದು, ಕೊನೆಯಲ್ಲಿ ಇಳಿಯುವುದು. ಇವೆರಡರಲ್ಲಿ ಯಾವುದೊಂದು ತಪ್ಪಿದರೂ ಆ ವರ್ಷದ ಸಂತಾನ ತಪ್ಪಿದಂತೆಯೇ.

ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಮತ್ಸ್ಯೋಪಾಖ್ಯಾನವನ್ನು ನೀವು ಬಲ್ಲಿರಿ. ಪುಟ್ಟ ಮೀನೊಂದು ಮನುವಿನ ಬಳಿಗೆ ಬಂದು, “ದೊಡ್ಡ ಮೀನುಗಳು ನನ್ನನ್ನು ನುಂಗುವುವು, ಕಾಪಾಡು” ಎಂದು ಬೇಡುತ್ತದೆ. ಮನುವು ಅದನ್ನು ಒಂದು ಪಾತ್ರೆಯಲ್ಲಿಡುತ್ತಾನೆ. ಪಾತ್ರೆ ಸಾಲದಾದಾಗ ಕೊಳಕ್ಕೆ, ಕೊಳ ಸಾಲದಾದಾಗ ಗಂಗೆಗೆ, ಗಂಗೆಯೂ ಸಾಲದಾದಾಗ ಸಮುದ್ರಕ್ಕೆ ಒಯ್ದು ಬಿಡುತ್ತಾನೆ. ಅವತಾರದ ಮಹಿಮೆ ಹಾಗಿರಲಿ. ಮೀನಿನ ಬಾಳಿನ ವಿಚಾರದಲ್ಲಿ ಈ ಕಥೆ ಅಕ್ಷರಶಃ ನಿಜ. ಪ್ರಾಯಕ್ಕೊಂದು ನೀರು ಬೇಕು. ಮರಿಗೆ ತೆಳುನೀರು, ಎಳೆಯದಕ್ಕೆ ಹಳ್ಳ, ಬೆಳೆದುದಕ್ಕೆ ಹೊಳೆಯ ಮಡು. ಒಂದರಿಂದ ಇನ್ನೊಂದಕ್ಕೆ ಒಯ್ಯಲು ಈಗ ಮನುವಿಲ್ಲ, ಮರಿಯೇ ಹೋಗಬೇಕು.

ಈ ಸಂಗತಿಯನ್ನು ವಿಜ್ಞಾನಿಗಳು ಬಹಳ ಶ್ರಮದಿಂದ ಕಂಡುಕೊಂಡುದು ಟ್ರೌಟ್ ಮತ್ತು ಸಾಲ್ಮನ್ ಎಂಬ ತಣ್ಣೀರಿನ ಮೀನುಗಳಲ್ಲಿ. ಟ್ರೌಟ್ ಮೀನು ನಮ್ಮ ನೆರೆಯ ನೀಲಗಿರಿಯಲ್ಲಿದೆ. ಬ್ರಿಟಿಷರು ತಂದು ಬಿಟ್ಟದ್ದು. ಅಲ್ಲಿಯ ಅವಲಾಂಚಿಯಲ್ಲಿ ೧೯೦೭ರಲ್ಲಿಯೇ ಅದರ ಮರಿ ಮಾಡುವ ಕೇಂದ್ರ ಏರ್ಪಟ್ಟಿತು. ನಮ್ಮ ಹೇಮಾವತಿಯ ನೀರು ಅದಕ್ಕೆ ಬೆಚ್ಚಗಾಯಿತು. ಸಾಲ್ಮನ್ ಅಂತೂ ಉತ್ತರದ ಸಾಗರಗಳದು. ಸಿಹಿನೀರಿನಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವ ಮೀನು. ಆ ದೇಶಗಳಲ್ಲಿ ಮರ ಸಾಗಿಸುವುದಕ್ಕಾಗಿ, ಹೊಲ ಮಾಡುವುದಕ್ಕಾಗಿ ತೊರೆಗಳನ್ನು ನೇರಮಾಡಿ ಕೆಡಿಸಿದರು. ಆಮೇಲೆ ಪಶ್ಚಾತ್ತಾಪಪಟ್ಟು, ಬಂಡೆಗಳನ್ನೂ ಮರದ ದಿಮ್ಮಿಗಳನ್ನೂ ಹಾಕಿ ಮಡುಗಳನ್ನು ಮಾಡಿ, ತೊರೆಗಳ ಜೀರ್ಣೋದ್ಧಾರಕ್ಕೆ ತೊಡಗಿದರು.

ಮಡು ಮಾಡಿಕೊಟ್ಟರೆ ಮರಿಗಳು ಅಲ್ಲಿಯೇ ಸುಖವಾಗಿ ಇರುವುವೆಂದು ಅವರು ಬಹುಕಾಲ ನಂಬಿದ್ದರು. ಎಳೆಯ ಮೀನು ತನ್ನ ನೆಲೆಯನ್ನು ಬಿಟ್ಟು ಕದಲುವುದಿಲ್ಲವೆಂಬುದು ಆಗಿನ ಸಿದ್ಧಾಂತ. ಏಕೆ ಹಾಗೆ ನಂಬಿದರು? ಒಂದು ಮಡುವಿನ ಮೀನುಗಳಿಗೆ ಗುರುತು ಹಾಕಿ, ಕೆಲವು ತಿಂಗಳ ನಂತರ ಅದೇ ಮಡುವಿನಲ್ಲಿ ಹುಡುಕುತ್ತಿದ್ದರು. ಸಿಕ್ಕ ಗುರುತಿನ ಮೀನುಗಳೆಲ್ಲ ಅಲ್ಲಿಯೇ ಇದ್ದವು! ಇದು ಹೇಗೆಂದರೆ, ಮೇಷ್ಟರು ಹಾಜರಿ ಪುಸ್ತಕ ಹಿಡಿದು, ತರಗತಿಯಲ್ಲಿ ಕುಳಿತ ಮಕ್ಕಳನ್ನು ಮಾತ್ರ ಎಣಿಸಿ, “ನಮ್ಮ ಶಾಲೆಯನ್ನು ಬಿಟ್ಟು ಯಾರೂ ಹೋಗಿಲ್ಲ” ಎಂದು ವರದಿ ಬರೆದ ಹಾಗೆ. ಹೋದವರ ಲೆಕ್ಕವನ್ನು ಕೇಳಿದವರಿರಲಿಲ್ಲ. ಕಳೆದ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಈ ತಪ್ಪು ಬಯಲಾಯಿತು.

ಹೋದವರ ಲೆಕ್ಕ ಹಿಡಿಯುವುದು ಹೇಗೆ? ಮೀನಿನ ಹೆಜ್ಜೆಯನ್ನು ಕಂಡವರಾರು ಎಂದು ನಮ್ಮಲ್ಲಿ ಹೇಳುವ ರೂಢಿಯಿದೆ. ಆ ಹೆಜ್ಜೆ ಕಾಣಿಸಿದ್ದು ನಿಮ್ಮ ಮನೆಯ ರೇಡಿಯೋವಿನ ದಾಯಾದಿಯೇ ಎಂದರೆ ಆಶ್ಚರ್ಯಪಡುವಿರಿ. ಅಕ್ಕಿಯ ಕಾಳಿನಂಥ, ಅರ್ಧ ಅಂಗುಲ ಉದ್ದದ ಗಾಜಿನ ಕೊಳವೆಯೊಂದನ್ನು ಎಳೆಯ ಮೀನಿನ ಒಡಲಿನೊಳಗೆ ಸೇರಿಸುತ್ತಾರೆ. ಅದರಲ್ಲಿ ತಾಮ್ರದ ಎಳೆಯ ಸುರುಳಿಯೂ ಒಂದು ಸಂಖ್ಯೆಯೂ ಇರುವುವು, ಬ್ಯಾಟರಿ ಇಲ್ಲ. ತೊರೆಗೆ ಅಡ್ಡಲಾಗಿ ಒಂದು ಆಂಟೆನಾ ಕಟ್ಟಿ, ಅದರಿಂದ ೧೩೪.೨ ಕಿಲೋಹರ್ಟ್ಸ್ ತರಂಗವನ್ನು ಹೊಮ್ಮಿಸುತ್ತಾರೆ. ಇದು ನೀವು ಕೇಳುವ ಮಧ್ಯಮ ತರಂಗಕ್ಕಿಂತ ಕೆಳಗಿನದು. ನೀರಿನಲ್ಲಿ ಹೆಚ್ಚು ಸೊರಗದು. ಮೀನು ಆಂಟೆನಾವನ್ನು ಹಾದಾಗ ಆ ತರಂಗದ ಶಕ್ತಿಯಿಂದಲೇ ಕಾಳು ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುವುದು. ಮತ್ತೆ ನಿದ್ದೆ. ಬ್ಯಾಟರಿ ಇಲ್ಲದ ಕಾರಣ ಮೀನು ಬದುಕಿರುವವರೆಗೂ ಅದು ಕೆಲಸ ಮಾಡುವುದು. ೧೯೮೦ರ ದಶಕದಿಂದ ಈಚೆಗೆ ಅಮೆರಿಕದ ಕೊಲಂಬಿಯಾ ನದಿಯಲ್ಲಿ ಲಕ್ಷಗಟ್ಟಲೆ ಸಾಲ್ಮನ್ ಮರಿಗಳು ಹೀಗೆ ತಮ್ಮ ಹಾಜರಿಯನ್ನು ತಾವೇ ಹೇಳಿಕೊಂಡಿವೆ.

ಇದರಿಂದ ತಿಳಿದುದೇನು? ಎಳೆಯ ಮೀನು ನಿಂತಲ್ಲಿ ನಿಲ್ಲುವುದಿಲ್ಲ. ಬೇಸಗೆಯಲ್ಲಿ ದೊಡ್ಡ ಹೊಳೆ ಕಾದರೆ, ತಣ್ಣನೆಯ ಉಪನದಿ ಸೇರುವ ಬಾಯಿಗೆ ಟ್ರೌಟ್ ಮರಿಗಳು ಬಂದು ನೆರೆಯುವುವು. ಶರತ್ಕಾಲದ ಮಳೆ ಬಿದ್ದು ಹೊಳೆ ಉಕ್ಕುವ ಹೊತ್ತಿಗೆ, ಕೋಹೋ ಎಂಬ ಜಾತಿಯ ಸಾಲ್ಮನ್ ಮರಿಗಳು ದೊಡ್ಡ ಪ್ರವಾಹವನ್ನು ಬಿಟ್ಟು, ಬೇಸಗೆಯಲ್ಲಿ ಒಣಗಿಹೋಗಬಹುದಾದ ಸಣ್ಣ ಹಳ್ಳಗಳನ್ನೂ ಪಕ್ಕದ ಕೊಳಗಳನ್ನೂ ಏರಿ ಚಳಿಗಾಲವನ್ನು ಕಳೆಯುವುವು. ಅಂದರೆ ಒಂದು ಮಡುವನ್ನು ಎಷ್ಟು ಚೆನ್ನಾಗಿ ಸಿಂಗರಿಸಿದರೂ ಸಾಲದು. ಮಡುವಿನಿಂದ ಮಡುವಿಗೆ ಬಾಗಿಲು ತೆರೆದಿರಬೇಕು. ಅಮೆರಿಕದ ಎಲ್ವಾ ನದಿಯಲ್ಲಿ ೧೯೧೩ರಲ್ಲಿಯೂ ೧೯೨೭ರಲ್ಲಿಯೂ ಮುಗಿದ ಎರಡು ಅಣೆಕಟ್ಟುಗಳನ್ನು ೨೦೧೧ರಿಂದ ೨೦೧೪ರ ಒಳಗೆ ಕಿತ್ತೇ ಹಾಕಿದರು. ತಲೆಮಾರುಗಳ ಕಾಲ ಮೇಲೆ ಹೋಗದಿದ್ದ ಸಾಲ್ಮನ್ ಮತ್ತೆ ಮೇಲಕ್ಕೆ ಹತ್ತಿದುವು.

ನಾವು ಅಣೆಕಟ್ಟು ಕೀಳಬೇಕೆಂದು ನಾನು ಹೇಳುತ್ತಿಲ್ಲ. ೧೯೭೯ರಲ್ಲಿ ಆದ ಗೊರೂರಿನ ಅಣೆಕಟ್ಟು ಸುಮಾರು ೩೭ ಟಿ.ಎಂ.ಸಿ. ನೀರು ಹಿಡಿಯುವುದು, ಚನ್ನರಾಯಪಟ್ಟಣದ ಎಷ್ಟೋ ಮನೆಗಳ ಅನ್ನ ಅದರ ನಾಲೆಗಳಿಂದ ಬಂದಿರುವುದು. ಆದರೆ ಅದರ ಬೆಲೆಯನ್ನು ಅರಿತಿರುವುದು ಒಳ್ಳೆಯದು. ಅಷ್ಟು ಎತ್ತರದ ಗೋಡೆಯನ್ನು ಯಾವ ಮೀನೂ ಹತ್ತಲಾರದು. ಕಾವೇರಿಯ ಕೆಳಭಾಗದಲ್ಲಿ ಇದೇ ಆಯಿತು: ಕಡಲಿನಿಂದ ನದಿಗೆ ಏರಿ ಬರುತ್ತಿದ್ದ ಹಿಲ್ಸಾ ಮೀನು, ೧೯೩೪ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಅದರಿಂದಾಚೆಗೆ ಬರಲಾಗಲಿಲ್ಲ. ಹೋಲಿಸಿ ನೋಡಿದರೆ ಮೈಸೂರು ಸೀಮೆಯ ಹಳೆಯ ಅಣೆಗಳು ಮೀನಿಗೆ ಅಷ್ಟು ಕಠಿಣವಾಗಿರಲಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಅಣೆ, ಅರಕಲಗೂಡು ತಾಲ್ಲೂಕಿನ ಕೃಷ್ಣರಾಜಕಟ್ಟೆ ಮೊದಲಾದವು ಆ ಕಾಲದ ಕಟ್ಟಡಗಳು. ದಪ್ಪ ಬಂಡೆಗಳನ್ನು ಹೊಳೆಗೆ ಅಡ್ಡಲಾಗಿ ಇಳಿಜಾರಾಗಿ ಪೇರಿಸುವುದು ಹಿಂದಿನವರ ಪದ್ಧತಿ. ತುಂಬು ಹೊಳೆಯಲ್ಲಿ ನೀರು ಅಂಥ ಅಣೆಯನ್ನು ಮುಚ್ಚಿ ಹರಿಯುವಾಗ, ಕಲ್ಲುಗಳ ಮರೆಯಲ್ಲಿ ನಿಂತು ನಿಂತು ಮೀನು ಹತ್ತಬಹುದು.

“ದಾರಿ ಮುಚ್ಚಿದರೇನು, ಪ್ರತಿವರ್ಷ ಮರಿಗಳನ್ನು ತಂದು ಬಿತ್ತನೆ ಮಾಡುತ್ತೇವಲ್ಲ?” ಎಂದು ನೀವು ಕೇಳಬಹುದು. ಕೆರೆಗಳಿಗೆ ಬಿಡುವ ಕಟ್ಲ, ರೋಹು ಮೀನುಗಳು ಗಂಗೆಯ ಬಯಲಿನವು. ಅವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಆದುದರಿಂದಲೇ ವರ್ಷವರ್ಷವೂ ಕೊಂಡು ತರಬೇಕು. ಊಟಕ್ಕೆ ಇದು ಒದಗೀತು. ಹೊಳೆಗೆ ಇದು ಚಿಕಿತ್ಸೆಯಲ್ಲ. ನಮ್ಮ ಕಾವೇರಿಯ ಬಿಳಿಮೀನಿನ ಕಥೆಯನ್ನೇ ನೋಡಿ. ಮಹಶೀರ್ ಎಂದು ಪ್ರಸಿದ್ಧವಾದ ಈ ಮೀನು ದೈತ್ಯಾಕಾರದ್ದು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಪಿಲೆಯಲ್ಲಿ ಹಿಡಿದ ಒಂದು ಮೀನು ೧೨೦ ಪೌಂಡು ತೂಗಿತು. ಕಾವೇರಿಗೆ ಸಹಜವಾದ ಡುಬ್ಬದ ಮಹಶೀರಿನ ಜೊತೆಗೆ, ೧೯೭೦ರ ದಶಕದಿಂದ ಈಚೆಗೆ, ಬೇರೆಡೆ ಮರಿ ಮಾಡಿದ ನೀಲಿ ರೆಕ್ಕೆಯ ಮಹಶೀರನ್ನು ತಂದು ಬಿಟ್ಟರು. ಹೊಸದು ಹೆಚ್ಚಿತು, ಹಳೆಯದು ಕುಗ್ಗಿತು. ಡುಬ್ಬದ ಮಹಶೀರಿಗೆ ಶಾಸ್ತ್ರೀಯವಾದ ಹೆಸರು ನಿಶ್ಚಯವಾದುದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಅಪಾಯದ ಘಂಟೆಯೂ ಒಟ್ಟಿಗೇ ಆದುವು. ಮರಿ ಬಿಡುವುದು ಸುಲಭ. ಮರಿ ತಾನಾಗಿ ಹುಟ್ಟಿ ಬೆಳೆಯುವಂತೆ ಹೊಳೆಯನ್ನು ಉಳಿಸುವುದು ಕಷ್ಟ.

ಈ ವಿಚಾರದಲ್ಲಿ ರಾಮನಾಥಪುರದವರ ನಡೆ ಮೆಚ್ಚತಕ್ಕದ್ದು. ಅಲ್ಲಿಯ ವಹ್ನಿಪುಷ್ಕರಿಣಿಯ ಬಳಿ ಕಾವೇರಿಯ ಮೀನುಗಳು ದೇವರ ಮೀನುಗಳೆಂದು ರಕ್ಷಣೆ ಪಡೆದಿವೆ. ಯಾತ್ರಿಕರು ಪುರಿ ಹಾಕುತ್ತಾರೆ, ಗಾಳ ಹಾಕುವುದಿಲ್ಲ. ಇಂಥ ಮಡು ಬೇಸಗೆಯಲ್ಲಿ ಹೊಳೆಯ ಸಂತಾನಕ್ಕೆಲ್ಲ ಬೀಜದ ಕಣಜವಿದ್ದಂತೆ. ಆದರೆ ಕಣಜದ ಬೀಜ ಹೊಲಕ್ಕೆ ಹೋಗಬೇಕಲ್ಲವೆ? ಅಲ್ಲಿಂದ ಹೊರಟ ಮರಿಗೆ ಅಕ್ಕಪಕ್ಕದ ಹಳ್ಳಗಳ ಬಾಗಿಲು ತೆರೆದಿರಬೇಕಲ್ಲವೆ?

ಈಗ ನಾನು ಮೊದಲು ಹೇಳಿದ ಪ್ರಸಂಗ. ಹೊಳೆನರಸೀಪುರಕ್ಕೆ ಅಷ್ಟೇನೂ ದೂರವಲ್ಲದ ನಮ್ಮ ಹಳ್ಳಿಯಲ್ಲಿ ಒಂದು ಕೆರೆಯಿದೆ. ಅದರ ಕೋಡಿಯ ಹಳ್ಳ ಒಂದೂವರೆ ಮೈಲಿ ಹರಿದು ಹೇಮಾವತಿಯನ್ನು ಸೇರುವುದು. ಹಳ್ಳ ಹೂಳು ತುಂಬಿ, ಲಂಟಾನಾ ಬೆಳೆದು, ಊರಿನ ಕಸವನ್ನೆಲ್ಲ ಹೊತ್ತು ಹಾಳಾಗಿತ್ತು. ಕೆಲವು ವರ್ಷಗಳ ಹಿಂದೆ ಅದರ ಪುನರುದ್ಧಾರವಾಯಿತು. ಹೂಳು ಹೋಯಿತು, ಪೊದೆ ಹೋಯಿತು, ಅಂಕುಡೊಂಕು ಹೋಗಿ ಹಳ್ಳ ಗೆರೆ ಎಳೆದಂತೆ ನೇರವಾಯಿತು. ರಸ್ತೆ ದಾಟುವಲ್ಲಿ ಸಿಮೆಂಟಿನ ದೊಡ್ಡ ಕೊಳವೆ ಬಂದಿತು. ಸಮಾರಂಭದಲ್ಲಿ ವಂದನಾರ್ಪಣೆ ಮಾಡಿದವನು ನಾನೇ. “ಭಗೀರಥ ಪ್ರಯತ್ನ” ಎಂಬ ಮಾತನ್ನು ಎರಡು ಸಲ ಉಪಯೋಗಿಸಿದೆನೆಂದು ನೆನಪು.

ಮರುವರ್ಷ ಆರಿದ್ರಾ ಮಳೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಬಂದು, “ಸಾರ್, ಮೀನು ಪೈಪಿಗೆ ಮೂತಿ ಹೊಡೆದುಕೊಳ್ಳುತ್ತಿವೆ” ಎಂದನು. ಹೋಗಿ ನೋಡಿದೆ. ಕೊಳವೆಯ ಬಾಯಿ ಹಳ್ಳದ ನೀರಿಗಿಂತ ಒಂದು ಮೊಳ ಮೇಲಿತ್ತು. ಅಲ್ಲಿಂದ ಬೀಳುತ್ತಿದ್ದ ನೀರಿನ ಕೆಳಗೆ, ಬೆರಳುದ್ದದ ಪಕ್ಕೆ ಮೀನುಗಳೂ ಗೆಂಡೆಯ ಎಳೆಯವೂ ಕಪ್ಪಗೆ ಕಲೆತು, ನೆಗೆಯುತ್ತಿದ್ದವು, ಬೀಳುತ್ತಿದ್ದವು. ದಡದಲ್ಲಿ ಕೊಕ್ಕರೆಗಳು ಸಾಲಾಗಿ ನಿಂತಿದ್ದವು. ಅವುಗಳ ಪಕ್ಕದಲ್ಲಿ ಸೊಳ್ಳೆಪರದೆ ಹಿಡಿದ ನಮ್ಮ ಹುಡುಗರು. ಎಲ್ಲರಿಗೂ ಸಾಕಾಗುವಷ್ಟಿತ್ತು. ನಾನು ಕೊಡೆ ಹಿಡಿದು ಬಹಳ ಹೊತ್ತು ಅಲ್ಲಿಯೇ ನಿಂತೆ. ಈಜು ಬಲ್ಲ ಮರಿಗಳು. ನನ್ನ ಗಾದೆಯ ಮರಿಗಳು.

ಲೆಕ್ಕ ಸರಳವಾದುದು. ಮೀನು ತನ್ನ ಬಲವನ್ನೆಲ್ಲ ಹಾಕಿದರೆ ಕ್ಷಣಕಾಲ, ಸೆಕೆಂಡಿಗೆ ತನ್ನ ಮೈಯುದ್ದದ ಸುಮಾರು ಹತ್ತರಷ್ಟು ದೂರ ಈಜಬಲ್ಲುದು. ಎರಡು ಅಂಗುಲದ ಮರಿಗೆ ಅದು ೨೦ ಅಂಗುಲ. ನುಣುಪಾದ ಕೊಳವೆಯಲ್ಲಿ ನೀರು ಇದಕ್ಕಿಂತ ವೇಗವಾಗಿ ಹರಿದರೆ ಮರಿ ಸೋಲುವುದು. ನಡುವೆ ನಿಂತು ದಣಿವಾರಿಸಿಕೊಳ್ಳಲು ಅಲ್ಲಿ ಕಲ್ಲಿನ ಮರೆಯಿಲ್ಲ. ನೆಗೆಯುವ ಮೀನಿಗೂ ಕೆಳಗೆ ಆಳವಾದ ಗುಂಡಿ ಬೇಕು. ನೆಗೆತದ ಎತ್ತರಕ್ಕಿಂತ ಕಾಲು ಪಾಲು ಹೆಚ್ಚು ಆಳವಿದ್ದರೆ ಮಾತ್ರ ಓಟ ಸಿಕ್ಕುವುದು. ನಾವು ಹಳ್ಳದ ತಳಕ್ಕೆ ಸಿಮೆಂಟು ಹಾಕಿ ಆ ಗುಂಡಿಯನ್ನೂ ಮುಚ್ಚಿದ್ದೆವು.

ಆ ಭಾನುವಾರ ಹತ್ತಾರು ಹುಡುಗರೂ ಇಬ್ಬರು ರೈತರೂ ಸೇರಿ, ಕೊಳವೆಯ ಕೆಳಗೆ ಹತ್ತು ಹೆಜ್ಜೆ ದೂರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಾಡುಗಲ್ಲು ಪೇರಿಸಿ ನೀರಿನ ಮಟ್ಟವನ್ನು ಕೊಳವೆಯ ಬಾಯಿಗೆ ಏರಿಸಿದೆವು. ಕೊಳವೆಯೊಳಗೂ ಅಲ್ಲಲ್ಲಿ ಗುಂಡುಕಲ್ಲು ಉರುಳಿಸಿದೆವು. ಸಿಮೆಂಟಿಲ್ಲ, ಖರ್ಚಿಲ್ಲ. ಮುಂದಿನ ಹದಮಳೆಗೆ ಮೀನು ಹತ್ತಿತು. ಎಷ್ಟು ಹತ್ತಿತೆಂದು ಎಣಿಸಲು ನಮ್ಮಲ್ಲಿ ಆಂಟೆನಾ ಇರಲಿಲ್ಲ. ಆದರೆ ಆ ವರ್ಷ ಮಳೆ ನಿಂತ ಮೇಲೆ ಕೆರೆಯ ಅಂಚಿನ ಜೊಂಡಿನಲ್ಲಿ ನಾವು ಬಿತ್ತನೆ ಮಾಡದ ಪಕ್ಕೆ ಮೀನಿನ ಮರಿಗಳು ಮಿಣುಗುಟ್ಟುವುದನ್ನು ಹುಡುಗರು ನನ್ನನ್ನು ಕರೆದೊಯ್ದು ತೋರಿಸಿದರು.

ಹಾಸನವಿರಲಿ, ಅರಕಲಗೂಡಿರಲಿ, ಚನ್ನರಾಯಪಟ್ಟಣವಿರಲಿ, ನಿಮ್ಮ ಊರಿನಲ್ಲಿಯೂ ಕೆರೆ ಹಳ್ಳಗಳ ಪುನರುದ್ಧಾರ ನಡೆಯುತ್ತಿರಬಹುದು, ನಡೆಯಲೇಬೇಕು. ನೀವು ಪಟ್ಟಣದಲ್ಲಿದ್ದರೂ ಸಭೆಯಲ್ಲಿ ಎದ್ದು ಕೆಲವು ಮಾತು ಕೇಳಬಹುದು. ರಸ್ತೆಯ ಕೆಳಗಿನ ಕೊಳವೆಯ ತಳ ಹಳ್ಳದ ತಳಕ್ಕಿಂತ ಕೆಳಗಿದೆಯೇ? ತಡೆಗೋಡೆ ಕಟ್ಟುವುದಾದರೆ ಅದರ ಒಂದು ಪಕ್ಕದಲ್ಲಿ ತಗ್ಗು ಬಿಟ್ಟು ಕಲ್ಲಿನ ಇಳಿಜಾರು ಮಾಡಿದ್ದೀರಾ? ಹಳ್ಳದ ತಿರುವುಗಳನ್ನೂ ದಡದ ಹೊಂಗೆ, ನೇರಳೆಗಳನ್ನೂ ಉಳಿಸಿದ್ದೀರಾ? ಬೇಸಗೆಗೆ ಒಂದಾದರೂ ಆಳವಾದ ಮಡು ಇದೆಯೇ? ನಾಲೆ ನಿಲ್ಲಿಸುವಾಗ ಒಮ್ಮೆಗೇ ನಿಲ್ಲಿಸದೆ ನಿಧಾನವಾಗಿ ಇಳಿಸಿದರೆ, ಒಳಗಿನ ಮರಿಗಳಿಗೆ ಹೊರಡಲು ಅವಕಾಶವಾಗುವುದಲ್ಲವೆ? ಇನ್ನೊಂದು ಮಾತು ನಮಗೇ: ಕೋಡಿ ಬಿದ್ದ ಮೊದಲ ವಾರ, ಹತ್ತುವ ಮೀನನ್ನು ದಾರಿಯಲ್ಲಿ ಹಿಡಿಯದೆ ಬಿಡುವ ಸಂಯಮ ನಮಗೆ ಬರಬಾರದೇ? ಬಾಗಿನ ಅರ್ಪಿಸುವ ದಿನವೇ ಗಂಗಮ್ಮನ ಮಕ್ಕಳಿಗೆ ಬಲೆ ಒಡ್ಡುವುದು ಅಷ್ಟು ಚೆನ್ನಲ್ಲ.

ಈಗಲೂ ನಾನು ಮಕ್ಕಳಿಗೆ ಆ ಗಾದೆಯನ್ನೇ ವಿಸ್ತರಿಸಿ ಬರೆಯಲು ಕೊಡುತ್ತೇನೆ. ಕಲ್ಲು ಹೊತ್ತ ಹುಡುಗರಲ್ಲಿ ಒಬ್ಬನು ಮರುವರ್ಷ ತನ್ನ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದನು: ಮೀನಿನ ಮರಿಗೆ ಈಜು ಕಲಿಸಬೇಕಾಗಿಲ್ಲ, ಆದರೆ ಪೈಪನ್ನು ಸರಿಯಾಗಿ ಇಡಬೇಕು. ನಾನು ಅವನಿಗೆ ಪೂರ್ಣ ಅಂಕ ಕೊಟ್ಟೆ.